ಕಬ್ಬಿಣದುಂಗುರದ ರಾವುತ

“ಆ ಕಾಲಿಗೆ ಕೈ ಹಚ್ಚಬೇಡಿ ಅಣ್ಣ!”

ಟಿಟಿನಿಯಾ ಕೂಗಿದ ರಭಸಕ್ಕೆ ಮುಂದೆ ನಿಂತಿದ್ದ ಕುದುರೆಯೂ ಕಿವಿ ನಿಮಿರಿಸಿತು. ನಾನು ಅರ್ಧ ಬಗ್ಗಿದವನು ಹಾಗೇ ನಿಂತೆ. ಹಿಸ್ಪಾನಿಯಾ ಯುದ್ಧದಲ್ಲಿ ಈಟಿ ತಿಂದ ಈ ಮಂಡಿಯನ್ನು ಬಗ್ಗಿಸುವುದೇ ನನಗೊಂದು ದೊಡ್ಡ ಕೆಲಸ. ಬಗ್ಗಿದ ಮೇಲೆ ಬೇಡ ಎಂದರೆ ಯಾರಿಗೆ ಸಿಟ್ಟು ಬರುವುದಿಲ್ಲ?

“ಕುಂಟ್ತಾ ಇದೆಯಲ್ಲ ತಂಗಿ! ಮುಂಗಾಲು ಊರ್ತಾನೇ ಇಲ್ಲ. ಏನಾಗಿದೆ ಅಂತ ನೋಡ್ಬೇಡ್ವಾ?”

“ಇಡೀ ಫೋರಂ ಚೌಕದ ಜನರ ಎದುರಿಗೆ ಗೊರಸು ಎತ್ತಿ ತೋರಿಸ್ತೀರಾ? ಕುಂಟು ಕುದುರೆ ತಂದ ಅನ್ನೋದೊಂದು ನೆಪ ಸಾಕು ಅವರಿಗೆ. ಸುಮ್ನಿರಿ. ಮೆಲ್ಲಗೆ ನಡೆಸ್ಕೊಂಡು ಹೋಗ್ತಾನೆ.”

ಮಾತಿನಲ್ಲಿ ನ್ಯಾಯವಿತ್ತು. ನಾನು ಸೊಂಟ ಹಿಡಿದುಕೊಂಡು ನೆಟ್ಟಗಾದೆ.

ಅವಳ ಮಗ ಡೆಸಿಮಸ್ ಲಗಾಮು ಹಿಡಿದು ಸಾಲಿನ ಕೊನೆಯಲ್ಲಿ ನಿಂತಿದ್ದ. ಮೀಸೆ ಈಗಷ್ಟೇ ಗಟ್ಟಿಯಾಗುತ್ತಿರುವ ಹುಡುಗ. ಅವನ ಸುತ್ತ ಯಾರೂ ಇರಲಿಲ್ಲ. ನಿನ್ನೆಯವರೆಗೆ ಹೆಗಲ ಮೇಲೆ ಕೈಹಾಕಿ ಓಡಾಡುತ್ತಿದ್ದ ರಾವುತರೆಲ್ಲ ಇವತ್ತು ಎರಡು ಕುದುರೆಗಳಷ್ಟು ಜಾಗ ಬಿಟ್ಟು ನಿಂತಿದ್ದರು. ತುಕಡಿಯ ನಾಯಕ ಒಪ್ಸಿಯಸ್‌ನ ಹೆಣ ನಿನ್ನೆ ಸಿಕ್ಕಿದ್ದು ಲಾಯದಲ್ಲಿ, ಈ ಹುಡುಗನ ಕುದುರೆಯ ಕಾಲಡಿಯಲ್ಲಿ. ಮೊನ್ನೆ ಇಬ್ಬರಿಗೂ ಜಗಳವಾಗಿತ್ತು, ಅದಕ್ಕೇ ಕುದುರೆ ಬಿಚ್ಚಿ ತುಳಿಸಿ ಕೊಂದ ಎಂದು ಊರೆಲ್ಲ ತೀರ್ಮಾನ ಮಾಡಿಯಾಗಿತ್ತು.

ಆರೋಪ ಇರಲಿ, ಬಿಡಲಿ, ಗಣತಿಯ ದಿನ ರಾವುತನಾದವನು ಬರಲೇಬೇಕು. ಸರಕಾರ ಕೊಟ್ಟ ಕುದುರೆಯನ್ನು ಹತ್ತದೆ, ಲಗಾಮು ಹಿಡಿದು ನಡೆಸಿಕೊಂಡು ಅಧಿಕಾರಿಯ ಪೀಠದ ಮುಂದೆ ನಿಲ್ಲಬೇಕು. ಯಾವ ಯುದ್ಧಕ್ಕೆ ಹೋಗಿದ್ದೆ, ಯಾರ ಕೈಕೆಳಗೆ ಎಂದು ಹೇಳಬೇಕು. ಅಧಿಕಾರಿಯ ಬಾಯಿಂದ ಬರುವುದು ಎರಡೇ ಮಾತು. ‘ಕುದುರೆ ನಡೆಸು’ ಎಂದರೆ ಮರ್ಯಾದೆ ಉಳಿಯಿತು. ‘ಕುದುರೆ ಮಾರು’ ಎಂದರೆ ಅಲ್ಲಿಗೆ ಮನೆತನವೇ ಮುಗಿಯಿತು. ಡೆಸಿಮಸ್‌ಗೆ ಎರಡನೆಯ ಮಾತು ಬಿದ್ದರೆ ಪೀಠದ ಪಕ್ಕದಲ್ಲಿ ನಿಂತ ಕಾವಲಿನವರು ಅವನನ್ನು ಅಲ್ಲಿಂದ ನೇರ ಕೊಲೆ ನ್ಯಾಯಾಲಯಕ್ಕೆ ಎಳೆದೊಯ್ಯುತ್ತಿದ್ದರು.

ನಾನು ಬದುಕಿರುವಾಗ ಅದು ಆಗಕೂಡದು. ಇವನ ಅಪ್ಪ ಮಾರ್ಕಸ್ ನುಮಿಸಿಯಸ್ ನನ್ನ ಜೊತೆ ಒಂದೇ ಬಟ್ಟಲಲ್ಲಿ ಕುಡಿದವನು. ಹಿಸ್ಪಾನಿಯಾದಿಂದ ನಾನು ಕುಂಟಿಕೊಂಡಾದರೂ ವಾಪಸು ಬಂದೆ. ಅವನು ಬೂದಿಯಾಗಿ ಬಂದ.

“ಬಿಸಿಲು ಏರ್ತಿದೆ. ಆ ಹೊದಿಕೆ ಕೊಡು ಇತ್ಲಾಗೆ, ನಾನು ಹಿಡ್ಕೋತೀನಿ,” ಎಂದೆ.

ಟಿಟಿನಿಯಾ ಗಂಡನ ಮೆರವಣಿಗೆಯ ಹೊದಿಕೆಯನ್ನು ಸುತ್ತಿ ಎದೆಗವಚಿಕೊಂಡಿದ್ದಳು. ಕೆನ್ನೇರಳೆ ಪಟ್ಟೆಯ ದಪ್ಪ ಉಣ್ಣೆ. ನಾಳೆಯ ರಾವುತರ ಮೆರವಣಿಗೆಗೆ ಮಗ ಅದನ್ನೇ ಹೊದೆಯಬೇಕೆಂದು ಅವಳ ಹಟ.

“ಬೇಡ. ನನ್ನ ಹತ್ರಾನೇ ಇರ್ಲಿ,” ಎಂದಳು. “ನೀವು ಹೋಗಿ ಮಾಡೋ ಕೆಲಸ ಮಾಡಿ. ಕ್ಯಾಸ್ಟರ್ ದೇವರಾಣೆ, ನನ್ನ ಮಗ ಇವತ್ತು ತಲೆ ತಗ್ಗಿಸಬಾರದು.”

“ತಗ್ಗಿಸಲ್ಲ. ನೋಡ್ತಿರು.”

ಹಾಗೆ ಹೇಳಲು ನನಗೆ ಧೈರ್ಯವಿತ್ತು. ಏಕೆಂದರೆ ನಿನ್ನೆ ಸಂಜೆ ನಾನು ಹೆಣ ನೋಡಿದ್ದೆ.

ಒಪ್ಸಿಯಸ್‌ನ ತಲೆಯ ಗಾಯದ ಅಂಚು ನೆಟ್ಟಗಿತ್ತು. ನಮ್ಮ ರಾವುತರ ಕುದುರೆಗಳ ಗೊರಸು ಬರಿಗೊರಸು. ಅದು ತುಳಿದರೆ ಮೂಳೆ ಜಜ್ಜಿ ಹೋಗುತ್ತದೆ, ಚರ್ಮ ಹೀಗೆ ಕತ್ತರಿಸುವುದಿಲ್ಲ. ಕುದುರೆಯ ಜೊತೆ ಬದುಕಿದ ಯಾರೇ ಆದರೂ ಹೇಳುತ್ತಿದ್ದರು. ಆದರೆ ಅಲ್ಲಿಗೆ ಬಂದ ದೊಡ್ಡವರೆಲ್ಲ ಮೂಗಿಗೆ ಬಟ್ಟೆ ಹಿಡಿದು ಬಾಗಿಲಿನಿಂದಲೇ ನೋಡಿ ಹೋಗಿದ್ದರು.

ಲಾಯದ ಗೋಡೆಗೆ ಹೇಸರಗತ್ತೆಗಳ ಕಬ್ಬಿಣದ ಕೆರಗಳನ್ನು ನೇತುಹಾಕಿದ್ದರು. ಗೊರಸು ಸವೆದ ಹೇಸರಗತ್ತೆಗೆ ಕಲ್ಲುದಾರಿಯಲ್ಲಿ ತೊಗಲಿನ ಪಟ್ಟಿಯಿಂದ ಕಟ್ಟುತ್ತಾರಲ್ಲ, ಅವೇ. ಎಲ್ಲವೂ ಜೋಡಿ ಜೋಡಿಯಾಗಿದ್ದವು, ಒಂದು ಮಾತ್ರ ಒಂಟಿ. ಅದರ ಜೊತೆಗಾರ ಎಷ್ಟು ಹುಡುಕಿದರೂ ಸಿಗಲಿಲ್ಲ. ಹೆಣದ ಹತ್ತಿರ ಹರಿದ ತೊಗಲಿನ ಪಟ್ಟಿಯ ತುಂಡೊಂದು ಬಿದ್ದಿತ್ತು, ಅದರ ಮೇಲೆ ಯಾವುದೋ ಲೋಹ ಉಜ್ಜಿದ ಹಳದಿ ಗೆರೆ ಕಾಣುತ್ತಿತ್ತು.

ಹಳದಿ ಗೆರೆ ಎಂದರೆ ಚಿನ್ನ. ನಮ್ಮಲ್ಲಿ ಚಿನ್ನದ ಉಂಗುರ ತೊಡುವವನು ರಾವುತ.

ಕೊಂದವನು ಆ ಕಾಣೆಯಾದ ಕೆರದ ಪಟ್ಟಿಯನ್ನು ಕೈಗೆ ಸುತ್ತಿ ಬೀಸಿದ್ದಾನೆ. ಪಟ್ಟಿ ಹರಿದಾಗ ಉಂಗುರವೂ ಬೆರಳಿನಿಂದ ಕಿತ್ತುಹೋಗಿದೆ. ಅಂದರೆ ಇವತ್ತು ಯಾರ ಬೆರಳಲ್ಲಿ ಚಿನ್ನವಿಲ್ಲವೋ ಅವನನ್ನು ಹಿಡಿದರಾಯಿತು ಎಂದು ಬೆಳಿಗ್ಗೆ ಫೋರಂಗೆ ಬಂದೆ. ಬಂದು ನೋಡಿದರೆ ಇಡೀ ತುಕಡಿಯೇ ಕಬ್ಬಿಣದ ಉಂಗುರ ತೊಟ್ಟು ನಿಂತಿದೆ! ನಾಯಕ ಸತ್ತಿದ್ದಾನೆ, ಶೋಕಕ್ಕೆ ಎಲ್ಲರೂ ಚಿನ್ನ ತೆಗೆದಿಟ್ಟಿದ್ದಾರೆ. ನನ್ನ ಬುದ್ಧಿಗೆ ಇದು ಮೊದಲೇ ಹೊಳೆಯಬೇಡವೇ?

ಆದರೆ ಬರುವ ದಾರಿಯಲ್ಲಿ ಕ್ಷೌರದವನ ಬಾಯಿಂದ ಒಂದು ಮಾತು ಕಿವಿಗೆ ಬಿದ್ದಿತ್ತು. ಅದನ್ನು ಹಿಡಿದುಕೊಂಡು ನಾನು ಸಾಲಿನುದ್ದಕ್ಕೂ ಕುಂಟುತ್ತ ಮುಂದೆ ಹೋದೆ.

* * *

ಆಲಸ್ ವಿಬಿಡಿಯಸ್ ತನ್ನ ಕುದುರೆಯ ಕುತ್ತಿಗೆ ತಟ್ಟುತ್ತ ನಿಂತಿದ್ದ. ಎತ್ತರದ ಆಳು, ಕಿವಿಯ ಮೇಲೆ ನರೆ. ಒಪ್ಸಿಯಸ್, ನುಮಿಸಿಯಸ್, ಇವನು, ಮೂವರೂ ಒಂದೇ ಡೇರೆಯವರು. ಆಮೇಲೆ ಇವನಿಗೂ ಒಪ್ಸಿಯಸ್‌ಗೂ ಏನೋ ಕೆಟ್ಟು ಮಾತೇ ನಿಂತಿತ್ತು. ಯಾಕೆ ಎಂದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ.

“ಏನೋ ಕುಂಟ, ಕುದುರೆ ಇಲ್ದಿದ್ರೂ ಸಾಲಲ್ಲಿ ನಿಂತ್ಕೋಬೇಕು ಅನ್ಸುತ್ತಾ?” ಎಂದ.

“ಕುದುರೆ ಯಾಕೆ ಬೇಕೋ? ನೀವೆಲ್ಲ ನಡ್ಕೊಂಡೇ ತಾನೆ ಬರ್ತಿರೋದು.”

ಅವನು ನಗಲಿಲ್ಲ. ನಾನು ಅವನ ಎಡಗೈ ನೋಡಿದೆ. ಕಪ್ಪು ಕಬ್ಬಿಣದ ಉಂಗುರ.

“ಒಪ್ಸಿಯಸ್‌ಗೋಸ್ಕರಾನಾ?”

“ಇನ್ಯಾರಿಗೆ? ಎಲ್ಲರೂ ಹಾಕ್ಕೊಂಡಿಲ್ವಾ?”

“ಹಾಕ್ಕೊಂಡಿದಾರೆ. ಯಾವಾಗ ಹಾಕ್ಕೊಂಡ್ರು ಅನ್ನೋದೇ ನನ್ನ ಪ್ರಶ್ನೆ.” ನಾನು ಅವನ ಕುದುರೆಯ ಮೂತಿ ಸವರಿದೆ. ಕುದುರೆಗೆ ನಾನು ಇಷ್ಟವಾದೆ, ಯಜಮಾನನಿಗೆ ಆಗಲಿಲ್ಲ. “ನಿನ್ನೆ ಹೆಣ ಸಿಕ್ಕಿದ್ದು ಹೊತ್ತು ನೆತ್ತಿಗೆ ಬಂದ ಮೇಲೆ. ಮಾರ್ಸ್ ದೇವರ ಲಾಯ ಅಲ್ಲಿಯವರೆಗೂ ಶುದ್ಧಿ ಪೂಜೆಗೆ ಅಂತ ಮುಚ್ಚಿತ್ತು. ಸುದ್ದಿ ಊರೊಳಗೆ ಬಂದಿದ್ದು ಊಟದ ಹೊತ್ತಿಗೆ. ಆದ್ರೆ ನೀನು ಬೆಳಕು ಹರಿಯೋ ಹೊತ್ತಿಗೇ ಕ್ಷೌರಕ್ಕೆ ಕೂತಿದ್ದೆ, ಕೈಯಲ್ಲಿ ಕಬ್ಬಿಣ ಇತ್ತು. ಯಾರು ತೀರ್ಕೊಂಡ್ರು ಸ್ವಾಮಿ ಅಂತ ಕೇಳಿದ್ದಕ್ಕೆ ಬಾಯ್ಮುಚ್ಕೊಂಡು ಬೋಳಿಸು ಅಂದ್ಯಂತೆ.”

ವಿಬಿಡಿಯಸ್‌ನ ಕೈ ಕುದುರೆಯ ಕುತ್ತಿಗೆಯ ಮೇಲೆ ನಿಂತುಹೋಯಿತು.

“ನಮ್ಮ ಸೋದರಮಾವ ಹೋದ್ರು. ಟಸ್ಕುಲಂ ಊರಿನಲ್ಲಿ.”

“ಟಸ್ಕುಲಂ ಮಾವನಾ? ಅಂತೀಯ ಅಂತ ನನಗೆ ಗೊತ್ತಿತ್ತು, ನಿಮ್ಮನೇಲಿ ಸಾಯೋ ವಯಸ್ಸಿನವನು ಅವನೊಬ್ಬನೇ. ನಿನ್ನ ಕಡೆಯವರೇ ಒಬ್ಬರನ್ನ ಕೇಳಿದೆ. ಮುದುಕ ನಿನ್ನೆ ತೋಟದಲ್ಲಿ ಅಂಜೂರ ತಿನ್ಕೊಂಡು ಆಳುಗಳಿಗೆ ಬೈತಾ ಕೂತಿದ್ನಂತೆ. ಸತ್ತವನು ಅಂಜೂರ ತಿಂತಾನೇನೋ?”

“ನಿನಗ್ಯಾಕೆ ಬೇಕು ಇದೆಲ್ಲ?” ಅವನ ದನಿ ಇಳಿಯಿತು. “ಮಟ್ರಿನಿಯಸ್, ನಿನ್ನ ಕಾಲು ಹಿಡ್ಕೋತೀನಿ, ಇದನ್ನ ಇಲ್ಲಿಗೇ ಬಿಡು. ಎಲ್ಲರ ಮುಂದೆ ಬೇಡ.”

“ಆ ಹುಡುಗನ್ನ ಎಲ್ಲರ ಮುಂದೆ ತಾನೆ ಮುಗಿಸೋಕೆ ಹೊರಟಿರೋದು? ಅವನಿಗಿಲ್ಲದ ಗುಟ್ಟು ನಿನಗ್ಯಾಕೆ?”

“ವಿಬಿಡಿಯಸ್! ಆಲಸ್ ವಿಬಿಡಿಯಸ್!” ಪೀಠದ ಪಕ್ಕದಿಂದ ಹೆಸರು ಕೂಗುವವನ ಕಂಠ ಬಂತು.

ವಿಬಿಡಿಯಸ್ ಲಗಾಮು ಬಿಗಿಹಿಡಿದು ಹೆಜ್ಜೆ ಹಾಕಿದ. ನಾನೂ ಅವನ ಪಕ್ಕದಲ್ಲೇ ಹೆಜ್ಜೆ ಹಾಕಿದೆ. ಬಿಡುವ ಪ್ರಶ್ನೆಯೇ ಇರಲಿಲ್ಲ.

* * *

ಗಣತಿ ಅಧಿಕಾರಿ ಟೈಟಸ್ ಅಂಕಾರಿಯಸ್ ದಂತದ ಪೀಠದ ಮೇಲೆ ಬೆವರು ಒರೆಸುತ್ತ ಕೂತಿದ್ದ. ಇರಬೇಕಾದ ಇನ್ನೊಬ್ಬ ಅಧಿಕಾರಿ ಜ್ವರ ಎಂದು ಹೇಳಿ ಕಳಿಸಿದ್ದ. ಸೆಕೆಗೆ ಬರುವ ಜ್ವರ ಅದು, ಎಲ್ಲರಿಗೂ ಗೊತ್ತು. ಹಾಗಾಗಿ ಅಂಕಾರಿಯಸ್‌ನ ಮುಖ ಮೊದಲೇ ಕೆಟ್ಟಿತ್ತು.

“ರಾವುತನ ಜೊತೆ ಕುದುರೆ ಬರುತ್ತೆ ಅಂತ ಗೊತ್ತಿತ್ತು. ನೀನ್ಯಾರಪ್ಪ?”

“ಸ್ಪೂರಿಯಸ್ ಮಟ್ರಿನಿಯಸ್, ಸ್ವಾಮಿ. ನಾನೂ ಕುದುರೆ ನಡೆಸಿದವನೇ. ಕಾಲು ಹೋದ ಮೇಲೆ ಇದೇ ಜಾಗದಲ್ಲಿ ವಾಪಸು ಕೊಟ್ಟೆ. ಸಾಲಿನ ಕೊನೇಲಿರೋ ಡೆಸಿಮಸ್ ನುಮಿಸಿಯಸ್‌ಗೆ ಅಪ್ಪ ಇಲ್ಲ. ಅವನ ಪರವಾಗಿ ಮಾತಾಡೋಕೆ ಬಂದಿದೀನಿ.”

“ಅವನ ಸರದಿ ಬಂದಾಗ ಮಾತಾಡು.”

“ಅವನ ಸರದಿ ಬಂದಾಗ ನಿಮ್ಮ ಬಾಯಿಂದ ಮಾತು ಹೊರಟುಬಿಟ್ಟಿರುತ್ತೆ ಸ್ವಾಮಿ. ಅದು ಹೊರಟ ಮೇಲೆ ನಾನು ಅರಚಿಕೊಂಡ್ರೂ ಅಷ್ಟೇ, ಬಿಟ್ರೂ ಅಷ್ಟೇ.”

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಅಂಕಾರಿಯಸ್ ನಗಲಿಲ್ಲ, ಓಡಿಸಲೂ ಇಲ್ಲ. ಅಷ್ಟು ಸಾಕಿತ್ತು ನನಗೆ.

ಹೇಳಿದೆ. ನೆಟ್ಟಗಿನ ಗಾಯ, ಒಂಟಿ ಕೆರ, ಹರಿದ ಪಟ್ಟಿ, ಹಳದಿ ಗೆರೆ, ಸುದ್ದಿ ಬರುವ ಮುಂಚೆಯೇ ಬೆರಳಿಗೇರಿದ ಕಬ್ಬಿಣ. ಬಾಯಿ ತುಂಬ ಹೇಳಿದೆ. ಫೋರಂನಲ್ಲಿ ಹುರಿಗಡಲೆ ಮಾರುವವನೂ ಕೂಗು ನಿಲ್ಲಿಸಿದ.

“ವಿಬಿಡಿಯಸ್, ಏನಿದು?” ಅಂಕಾರಿಯಸ್ ಕೇಳಿದ.

“ಸುಳ್ಳು.”

“ಸುಳ್ಳಾದ್ರೆ ನಿನ್ನ ಚಿನ್ನದ ಉಂಗುರ ಎಲ್ಲಿ?” ನಾನು ತಿರುಗಿದೆ.

ಅವನು ಬಾಯಿ ತೆರೆಯುವಷ್ಟರಲ್ಲಿ ನನ್ನ ತಲೆಗೆ ಇನ್ನೊಂದು ಹೊಳೆಯಿತು. ಉಂಗುರ ಕಿತ್ತು ಬಿದ್ದಿದ್ದರೆ ಲಾಯದ ಹುಲ್ಲಿನಲ್ಲಿರಬೇಕಿತ್ತು. ನಾನು ನಿನ್ನೆ ಒಂದು ಕಡ್ಡಿ ಬಿಡದೆ ಜಾಲಾಡಿದ್ದೆ. ಸಗಣಿಯನ್ನೂ ಬೆರಳಲ್ಲಿ ಬಿಡಿಸಿ ನೋಡಿದ್ದೆ. ಇರಲಿಲ್ಲ. ಲಾಯದ ಆ ಅಂಕಣದಿಂದ ಹೊರಗೆ ಬಂದಿದ್ದು ಎರಡೇ. ಒಂದು ಹೆಣ. ಇನ್ನೊಂದು ಕುದುರೆ.

ಆ ಕುದುರೆ ಬೆಳಿಗ್ಗೆಯವರೆಗೆ ಕಾವಲಿನವರ ವಶದಲ್ಲಿತ್ತು. ಈಗ ಕುಂಟುತ್ತಿದೆ!

“ಸ್ವಾಮಿ, ಡೆಸಿಮಸ್‌ನ ಕುದುರೆಯನ್ನ ಇಲ್ಲಿಗೆ ಕರೆಸಿ. ಉಂಗುರ ನಾನು ತೋರಿಸ್ತೀನಿ.”

“ಎಲ್ಲಿದೆ ಉಂಗುರ?”

“ಕುದುರೆ ತುಳ್ಕೊಂಡೇ ಬಂದಿದೆ, ಸ್ವಾಮಿ.”

ಜನ ಗಲಿಬಿಲಿಗೊಂಡು ದಾರಿ ಬಿಟ್ಟರು. ಡೆಸಿಮಸ್ ಕುದುರೆ ನಡೆಸಿಕೊಂಡು ಬಂದ. ಕಾರ್ಬೋ ಎಂದು ಅದರ ಹೆಸರು, ಇದ್ದಿಲಿನ ಬಣ್ಣ, ಪಾಪದ ಪ್ರಾಣಿ. ಹೆಜ್ಜೆಗೊಮ್ಮೆ ತಲೆ ತಗ್ಗಿಸುತ್ತಿತ್ತು. ಹುಡುಗ ಅದರ ಕಿವಿಯಲ್ಲಿ ಏನೋ ಸಮಾಧಾನ ಹೇಳುತ್ತಿದ್ದ. ಅವನಿಗೇ ಯಾರಾದರೂ ಸಮಾಧಾನ ಹೇಳಬೇಕಾದ ಹೊತ್ತಿನಲ್ಲಿ ಅವನು ಕುದುರೆಗೆ ಹೇಳುತ್ತಿದ್ದ.

“ಮಾಮ, ಏನ್ಮಾಡ್ತಿದೀರಾ?” ಎಂದ ಮೆಲ್ಲಗೆ.

“ನಿನ್ನ ಕುದುರೆ ಉಳಿಸ್ತಿದೀನಿ ಮಗ. ಅಲ್ಲಾಡದ ಹಾಗೆ ಹಿಡ್ಕೋ.”

“ಬೇಡ ಅಣ್ಣ!” ಟಿಟಿನಿಯಾಳ ದನಿ. ಕ್ಯಾಸ್ಟರ್ ಗುಡಿಯ ಮೆಟ್ಟಿಲ ಮೇಲೆ ನಿಂತಿದ್ದಳು. “ಬೇಡ, ನಿಮ್ಮ ದಮ್ಮಯ್ಯ, ಅದನ್ನ ಬಿಟ್ಬಿಡಿ!”

ಹೆಂಗರುಳು, ಹೆದರಿದ್ದಾಳೆ ಎಂದುಕೊಂಡೆ. ಮಂಡಿಯೂರಿದೆ. ಪ್ರಾಣ ಹೋಗುವಷ್ಟು ನೋವಾಯಿತು, ಆದರೂ ಊರಿದೆ. ಕಾರ್ಬೋನ ಮುಂಗಾಲು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಚಾಕುವಿನ ತುದಿಯಿಂದ ಗೊರಸಿನ ಸಂದಿಯಲ್ಲಿ ಗಟ್ಟಿಯಾಗಿದ್ದ ಸಗಣಿ, ಹುಲ್ಲು ಕೆದಕಿದೆ.

ಚಾಕು ಟಣ್ ಎಂದಿತು.

ಇನ್ನೊಂದು ಸಲ ಕೆದಕಿದೆ. ಬಿಸಿಲಿಗೆ ಹಳದಿ ಮಿಂಚಿತು. ಕುದುರೆ ನಿಡಿದಾಗಿ ಉಸಿರುಬಿಟ್ಟಿತು. ನನ್ನ ಅಂಗೈ ಮೇಲೆ ಸಗಣಿ ಮೆತ್ತಿದ ಚಿನ್ನದ ಉಂಗುರ ಬಿತ್ತು.

ಫೋರಂ ಹೋ ಎಂದಿತು. ನನಗೆ ಕುಣಿಯಬೇಕೆನ್ನಿಸಿತು, ಕಾಲು ಬಿಡಲಿಲ್ಲ. ಹುಡುಗನ ತೋಳು ಹಿಡಿದು ಮೇಲೆದ್ದು ಉಂಗುರವನ್ನು ಎತ್ತಿ ಹಿಡಿದೆ.

“ತಗೋ ವಿಬಿಡಿಯಸ್! ಕಳ್ಕೊಂಡಿದ್ದು ಸಿಕ್ತು. ತೊಟ್ಕೋತೀಯಾ?”

ವಿಬಿಡಿಯಸ್ ಅಂಗಿಯೊಳಗೆ ಕೈ ಹಾಕಿ ಕೊರಳಿನ ದಾರ ಎಳೆದ. ದಾರದ ತುದಿಯಲ್ಲಿ ಸಣ್ಣ ತೊಗಲಿನ ಚೀಲ. ಚೀಲದಿಂದ ಚಿನ್ನದ ಉಂಗುರ ತೆಗೆದು ಪೀಠದ ಅಂಚಿನಲ್ಲಿಟ್ಟ. ಅವನ ಮನೆತನದ ಹಂದಿಯ ಗುರುತು ಅದರ ಮೇಲಿತ್ತು.

“ನಂದು ಇಲ್ಲಿದೆ,” ಎಂದ. “ಅದು ಯಾರದ್ದೋ ನೀನೇ ನೋಡಿ ಹೇಳು.”

ಉಂಗುರವನ್ನು ಅಂಗಿಯ ತುದಿಗೆ ಒರೆಸಿದೆ. ಸಗಣಿ ಬಿಟ್ಟುಕೊಂಡಿತು. ಒಂಟಿಕಾಲಿನಲ್ಲಿ ನಿಂತ ಕೊಕ್ಕರೆ. ಅದನ್ನು ನಾನು ಎಷ್ಟು ಸಲ ನೋಡಿರಲಿಲ್ಲ! ಡೇರೆಯೊಳಗೆ, ಒಂದೇ ಬಟ್ಟಲಿನ ಮೇಲೆ ಹಿಡಿದ ಕೈಯಲ್ಲಿ.

ಮುಚ್ಚಿಟ್ಟುಕೊಳ್ಳೋಣ ಎನ್ನಿಸಿತು, ನಿಜ ಹೇಳುತ್ತೇನೆ. ಆದರೆ ಡೆಸಿಮಸ್ ನನ್ನ ಹೆಗಲ ಮೇಲಿಂದ ಆಗಲೇ ಬಗ್ಗಿ ನೋಡಿದ್ದ.

“ಅಪ್ಪಂದು,” ಎಂದ. ಎಲ್ಲರಿಗೂ ಕೇಳಿಸಿತು. “ಇದು ನಮ್ಮಪ್ಪನ ಉಂಗುರ.”

* * *

“ಅಪ್ಪನ ಉಂಗುರ ಮಗನ ಹತ್ರ ಇರದೆ ಇನ್ಯಾರ ಹತ್ರ ಇರುತ್ತೆ?” ಅಂಕಾರಿಯಸ್ ಮುಂದಕ್ಕೆ ಬಾಗಿದ. “ನಿನ್ನ ಕುದುರೆ, ನಿಮ್ಮಪ್ಪನ ಉಂಗುರ, ನಿನ್ನ ಜೊತೆ ಜಗಳ ಆಡಿದವನ ಹೆಣ. ಇನ್ನೇನು ಬೇಕಪ್ಪ? ಮಟ್ರಿನಿಯಸ್, ಹುಡುಗನ ಪರವಾಗಿ ಮಾತಾಡ್ತೀನಿ ಅಂದೆ. ಚೆನ್ನಾಗೇ ಮಾತಾಡಿದೆ.”

ಹುಡುಗನ ಕುತ್ತಿಗೆಗೆ ಹಗ್ಗ ನಾನೇ ತಂದು ಹಾಕಿದ್ದೆ. ಎಲ್ಲರೂ ನೋಡಲಿ ಎಂದು ಎತ್ತಿ ಬೇರೆ ಹಿಡಿದಿದ್ದೆ.

“ಆ ಉಂಗುರ ನಮ್ಮನೆಗೆ ಬರ್ಲೇ ಇಲ್ಲ ಸ್ವಾಮಿ,” ಡೆಸಿಮಸ್ ಹೇಳಿದ. “ಒಪ್ಸಿಯಸ್ ಮಾಮಾನೇ ಬೂದಿ ತಂದುಕೊಟ್ಟಿದ್ದು. ಚಿತೆ ಮೇಲೆ ಉಂಗುರ ಬೆರಳಿಗೆ ತೊಡಿಸಿ ಬೆಂಕಿ ಕೊಟ್ಟೆ ಅಂದಿದ್ರು. ಮೊನ್ನೆ ಜಗಳ ಆಗಿದ್ದೂ ಅದಕ್ಕೇ. ಗಣತಿ ದಿನ ಎಲ್ಲರ ಮುಂದೆ ನಿಮ್ಮಪ್ಪನ ವಿಷಯ ಹೇಳಿಬಿಡ್ತೀನಿ ಅಂದ್ರು. ಏನು ವಿಷಯ ಅಂತ ಕೇಳಿದೆ. ಹೇಳ್ಲಿಲ್ಲ. ಸತ್ತೋನ ಮೇಲೆ ಕೆಸರು ಎರಚಬೇಡಿ ಅಂತ ನಾನು ಕೂಗಾಡಿದೆ. ಅಷ್ಟೇ.”

“ಉಂಗುರ ಸುಟ್ಟು ಹೋಗಿದ್ರೆ ಇದೇನು?”

ನಾನು ಉಂಗುರವನ್ನು ಬಿಸಿಲಿಗೆ ಹಿಡಿದು ತಿರುಗಿಸಿದೆ. ಬೆಂಕಿ ಕಂಡ ಚಿನ್ನವಲ್ಲ ಅದು. ಒಳಬದಿ ನುಣುಪಾಗಿ ಹೊಳೆಯುತ್ತಿತ್ತು. ಪೆಟ್ಟಿಗೆಯಲ್ಲಿ ಬಿದ್ದ ಉಂಗುರ ಧೂಳು ಹಿಡಿದು ಮಂಕಾಗುತ್ತದೆ. ಇದನ್ನು ಮೊನ್ನೆಯವರೆಗೂ ಯಾರೋ ದಿನವೂ ತೊಟ್ಟಿದ್ದಾರೆ.

ಆಗ ಒಂದು ವಿಚಿತ್ರ ಕಂಡೆ. ಕೊಲೆಗಾರ ಎಂದು ನಾನು ಕೂಗಿದಾಗ ವಿಬಿಡಿಯಸ್ ಹೀಗೆ ಬಿಳಿಚಿಕೊಂಡಿರಲಿಲ್ಲ. ಈಗ ಕೊಕ್ಕರೆಯನ್ನು ನೋಡುತ್ತ ನಿಂತವನ ಮುಖದಲ್ಲಿ ರಕ್ತವೇ ಇರಲಿಲ್ಲ. ಅವನ ಕುದುರೆ ಮೂತಿಯಿಂದ ಅವನನ್ನು ತಿವಿಯಿತು. ಅವನಿಗೆ ಗೊತ್ತಾಗಲಿಲ್ಲ.

“ಆಲಸ್,” ಎಂದೆ. ಮೊದಲ ಹೆಸರು ಹಿಡಿದು ಕರೆದು ಎಷ್ಟೋ ಕಾಲವಾಗಿತ್ತು. “ನಿನ್ನೆ ಬೆಳಿಗ್ಗೆ ಕಬ್ಬಿಣ ಯಾಕೆ ತೊಟ್ಟೆ?”

“ಹೆಣ ನಾನೇ ಮೊದಲು ನೋಡ್ದೆ,” ಎಂದ ಅವನು. “ಗಣತಿ ದಿನ ಬಾಯಿ ಬಿಡಬೇಡ ಅಂತ ಕೇಳ್ಕೊಳ್ಳೋಕೆ ಹೋಗಿದ್ದೆ. ಹಿಂದಿನ ಬಾಗಿಲು ತೆರೆದಿತ್ತು. ಬಿದ್ದಿದ್ದ. ನನಗೂ ಅವನಿಗೂ ಆಗಲ್ಲ ಅಂತ ಊರಿಗೇ ಗೊತ್ತು, ಕೂಗಿದ್ರೆ ನನ್ನನ್ನೇ ಹಿಡೀತಾರೆ. ಓಡಿಬಂದೆ. ಮನೇಗೆ ಬಂದು ನೋಡ್ಕೋತೀನಿ, ಕೈ ತಾನಾಗೇ ಚಿನ್ನ ತೆಗೆದು ಕಬ್ಬಿಣ ತೊಟ್ಟಿದೆ. ಎಷ್ಟೇ ಆದ್ರೂ ಒಂದೇ ಡೇರೆ ಕಣೋ. ಕೈಗೆ ಅದು ಮರೆಯುತ್ತಾ?”

ನಾನು ನಂಬಿದೆ. ನಂಬಬಾರದೆಂದು ಹಟ ಹಿಡಿದಿದ್ದರೂ ನಂಬಿದೆ. ಕೊಂದವನು ಲೆಕ್ಕ ಹಾಕುತ್ತಾನೆ, ಸುದ್ದಿ ಬರುವವರೆಗೆ ಕಾಯುತ್ತಾನೆ. ಅಳುವವನ ಕೈ ಮಾತ್ರ ಹೀಗೆ ಅವಸರ ಮಾಡುತ್ತದೆ. ನಾನಾಗಿದ್ದರೂ ಇದೇ ತಪ್ಪು ಮಾಡುತ್ತಿದ್ದೆ.

“ಒಪ್ಸಿಯಸ್ ಏನು ಹೇಳೋನಿದ್ದ?” ಅಂಕಾರಿಯಸ್ ಕೇಳಿದ.

ವಿಬಿಡಿಯಸ್ ಲಗಾಮನ್ನು ಕೆಳಗೆ ಬಿಟ್ಟ. ಗಣತಿಯ ಪೀಠದ ಮುಂದೆ ಲಗಾಮು ಬಿಡುವುದೆಂದರೆ ಕುದುರೆಯ ಆಸೆ ಬಿಟ್ಟಂತೆ. ಸಾಲಿನಲ್ಲಿದ್ದ ರಾವುತರೆಲ್ಲ ಉಸಿರು ಹಿಡಿದರು.

“ಹಿಸ್ಪಾನಿಯಾದ ಡೂರಿಯಸ್ ಹೊಳೆ ದಾಟುವಾಗ ಚಿತೆನೂ ಇರ್ಲಿಲ್ಲ, ಹೆಣಾನೂ ಇರ್ಲಿಲ್ಲ, ಸ್ವಾಮಿ. ಶತ್ರುಗಳು ಬಂದ್ರು ಅಂತ ನಾವಿಬ್ರೂ ಕುದುರೆ ತಿರುಗಿಸಿ ಓಡಿದ್ವಿ. ನುಮಿಸಿಯಸ್ ಆಚೆ ದಡದಲ್ಲಿ ಬಿದ್ದಿದ್ದ. ಕುದುರೆ ಸತ್ತಿತ್ತು. ಕೈ ಎತ್ತಿ ನಮ್ಮನ್ನ ಕರೀತಿದ್ದ. ಒಪ್ಸಿಯಸ್ ತಂದ ಬೂದಿ ಯಾರದ್ದೋ.” ಅವನು ಡೆಸಿಮಸ್ ಕಡೆಗೆ ತಿರುಗಿದ, ಕಣ್ಣು ಮಾತ್ರ ಮೇಲೆತ್ತಲಿಲ್ಲ. “ನಾವು ಬಿಟ್ಟು ಬಂದಾಗ ನಿಮ್ಮಪ್ಪ ಬದುಕಿದ್ದ, ಮಗ.”

ಡೆಸಿಮಸ್ ಕಾರ್ಬೋನ ಜೂಲು ಹಿಡಿದುಕೊಂಡ. ವಿಬಿಡಿಯಸ್‌ನ ಕೆನ್ನೆಗೆ ಬಾರಿಸಬೇಕೆಂದು ನನ್ನ ಕೈ ಏಳುತ್ತಿತ್ತು. ಮಾರ್ಕಸ್ ಹೊಳೆಯ ದಂಡೆಯಲ್ಲಿ ಕೈ ಎತ್ತಿ ಕರೆಯುತ್ತಿರುವಾಗ ನಾನು ಎಲ್ಲಿದ್ದೆ? ಹಿಂದಿನ ಶಿಬಿರದಲ್ಲಿ, ಈ ಕಾಲಿಗೆ ಪಟ್ಟಿ ಕಟ್ಟಿಸಿಕೊಳ್ಳುತ್ತಿದ್ದೆ.

ಅಂಕಾರಿಯಸ್ ವಿಬಿಡಿಯಸ್‌ನನ್ನು ನೋಡಿ, “ಕುದುರೆ ಮಾರು,” ಎಂದ. ಅಷ್ಟೇ. ವಿಬಿಡಿಯಸ್ ತಲೆಬಾಗಿಸಿ ಬರಿಗೈಯಲ್ಲಿ ಜನರೊಳಗೆ ಹೊರಟುಹೋದ. ಯಾರೂ ಅವನಿಗೆ ಉಗಿಯಲಿಲ್ಲ, ಯಾರೂ ದಾರಿಯನ್ನೂ ಬಿಡಲಿಲ್ಲ.

“ಡೆಸಿಮಸ್ ನುಮಿಸಿಯಸ್, ನಿನಗೆ ನಾನು ಎರಡು ಮಾತಲ್ಲಿ ಒಂದನ್ನೂ ಹೇಳಲ್ಲ. ಕುದುರೆ ಹಿಡ್ಕೊಂಡು ಇಲ್ಲೇ ನಿಲ್ಲು. ಮಟ್ರಿನಿಯಸ್, ನೀನು ಕೇಳು. ಹೊತ್ತು ಮುಳುಗೋವರೆಗೆ ಈ ಪೀಠ ಇಲ್ಲೇ ಇರುತ್ತೆ. ಈ ಉಂಗುರ ತೊಟ್ಟಿದ್ದ ಬೆರಳನ್ನ ಅಷ್ಟರೊಳಗೆ ಕರ್ಕೊಂಡು ಬಾ. ಬರ್ಲಿಲ್ಲ ಅಂದ್ರೆ ಹುಡುಗ ನ್ಯಾಯಾಲಯಕ್ಕೆ ಹೋಗ್ತಾನೆ.”

“ತರ್ತೀನಿ ಸ್ವಾಮಿ. ಪಾತಾಳದಲ್ಲಿದ್ರೂ ತರ್ತೀನಿ.”

ಹೇಳಿದ್ದು ಬಾಯಿಮಾತಲ್ಲ. ನುಮಿಸಿಯಸ್ ಬದುಕಿ ಬಂದಿದ್ದರೆ ಎಲ್ಲಿಗೆ ಹೋಗುತ್ತಾನೆ? ಮನೆಗೆ. ಯಾರನ್ನು ಮೊದಲು ನೋಡುತ್ತಾನೆ? ಹೆಂಡತಿಯನ್ನು. ನನ್ನ ತಲೆ ಅಷ್ಟು ದೂರ ಹೋಗಿ ಅಲ್ಲೇ ನಿಂತಿತು. ‘ಆ ಕಾಲಿಗೆ ಕೈ ಹಚ್ಚಬೇಡಿ ಅಣ್ಣ.’ ಗೊರಸು ಎತ್ತಿದರೆ ಏನು ಬೀಳುತ್ತದೆಂದು ಅವಳಿಗೆ ನನಗಿಂತ ಮುಂಚೆ ಗೊತ್ತಿತ್ತು!

ಕ್ಯಾಸ್ಟರ್ ಗುಡಿಯ ಕಡೆ ತಿರುಗಿದೆ.

ಟಿಟಿನಿಯಾ ಅಲ್ಲಿರಲಿಲ್ಲ.

ಅವಳು ನಿಂತಿದ್ದ ಮೆಟ್ಟಿಲ ಮೇಲೆ ಗಂಡನ ಹೊದಿಕೆ ಇತ್ತು. ಅವಸರದಲ್ಲಿ ಬೀಳಿಸಿ ಹೋದದ್ದಲ್ಲ. ನೀಟಾಗಿ ಮಡಚಿ, ಕೆನ್ನೇರಳೆ ಪಟ್ಟೆ ಮೇಲೆ ಬರುವಂತೆ, ಪೀಠದ ಕಡೆಗೆ ಮುಖ ಮಾಡಿ ಇಟ್ಟಿದ್ದಳು. ಯಾರಾದರೂ ನೋಡಲಿ ಎಂದೇ ಇಟ್ಟಿದ್ದು.

ಮೆಟ್ಟಿಲು ಹತ್ತಿ ಅದನ್ನು ಎತ್ತಿಕೊಂಡೆ. ಉಣ್ಣೆ ಇಷ್ಟು ತೂಕ ಇರುವುದಿಲ್ಲ.

ಒಂದು ಮಡಿಕೆ ಬಿಡಿಸಿದೆ. ಒಳಗೆ ಹೇಸರಗತ್ತೆಯ ಕಬ್ಬಿಣದ ಕೆರ. ಹರಿದ ತೊಗಲಿನ ಪಟ್ಟಿ ಒಂದು ಕಡೆ ಜೋತುಬಿದ್ದಿತ್ತು. ಅಂಚಿನಲ್ಲಿ ಒಣಗಿದ ರಕ್ತ, ರಕ್ತಕ್ಕೆ ಅಂಟಿದ ನರೆಗೂದಲು.

ಬೆಳಿಗ್ಗೆಯಿಂದ ಅವಳು ಇದನ್ನೇ ಎದೆಗವಚಿಕೊಂಡು ನಿಂತಿದ್ದಳು. ಮಗ ಉಳಿದರೆ ಹೊತ್ತುಕೊಂಡು ಹೋಗಿ ಹೊಳೆಗೆ ಎಸೆಯಲು. ಉಳಿಯದಿದ್ದರೆ ಇಲ್ಲಿ ಇಟ್ಟು ಹೋಗಲು. ನಾನು ಇದನ್ನು ಪೀಠದ ಮುಂದಿಟ್ಟು ‘ಟಿಟಿನಿಯಾ’ ಎಂದು ಒಂದು ಮಾತು ಹೇಳಿದರೆ ಸಾಕು, ಡೆಸಿಮಸ್ ಈ ಕ್ಷಣವೇ ಕುದುರೆ ನಡೆಸಿಕೊಂಡು ಮನೆಗೆ ಹೋಗುತ್ತಾನೆ. ಅವಳು ಬಯಸಿದ್ದೂ ಅದನ್ನೇ.

ಆದರೆ ಕೊಕ್ಕರೆಯ ಉಂಗುರ ಇನ್ನೂ ನನ್ನ ಕೈಯಲ್ಲೇ ಇತ್ತು. ಅವಳ ಎರಡು ಬೆರಳು ಸೇರಿಸಿದರೂ ಸಡಿಲವಾಗುವ ಉಂಗುರ. ಆ ಬೆರಳಿನ ಮಾರ್ಕಸ್, ತನ್ನನ್ನು ಬಿಟ್ಟು ಓಡಿದವನ ತಲೆ ಒಡೆದವನು, ಈ ಊರಲ್ಲೇ ಎಲ್ಲೋ ಇದ್ದಾನೆ. ಅವನ ಬದಲಿಗೆ ಸಾಯಲು ಅವಳು ಆಗಲೇ ಹೊರಟುಬಿಟ್ಟಿದ್ದಾಳೆ.

“ಮಾಮ!” ಕೆಳಗಿನಿಂದ ಡೆಸಿಮಸ್ ಕೂಗಿದ. ಕಾವಲಿನವರು ಅವನ ಎರಡೂ ಪಕ್ಕಕ್ಕೆ ಬಂದು ನಿಂತಿದ್ದರು. “ಏನಿದೆ ಅದರೊಳಗೆ? ಅಮ್ಮ ಎಲ್ಲಿ?”

ಅಂಕಾರಿಯಸ್ ಕೂಡ ತಲೆಯೆತ್ತಿ ನನ್ನ ಕಡೆಗೇ ನೋಡುತ್ತಿದ್ದ. ನಾನು ಹೊದಿಕೆಯನ್ನು ಮತ್ತೆ ಮಡಚಿ, ಅವಳು ಹಿಡಿದಿದ್ದ ಹಾಗೆಯೇ ಎದೆಗವಚಿಕೊಂಡೆ.